ನೀರು ದಾಟಿಸಿದ ಬೆಕ್ಕು

ದೊಡ್ಡ ಬೆಕ್ಕನ್ನು ತಂದು ಸಾಕಬಾರದು, ನಿಲ್ಲುವುದಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ತಂದರೆ ಮರಿಯನ್ನೇ ತರಬೇಕಂತೆ. ಹೋದ ವರ್ಷ ನಾನು ತಂದದ್ದು ದೊಡ್ಡದು, ಅದೂ ಬೀದಿಯದು, ಒಂದು ಕಿವಿ ಹರಿದು ಹಿಂದಿನ ಕಾಲು ಕುಂಟುತ್ತಿದ್ದದ್ದು. ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾಯಿ ಬಾಲ ಅಲ್ಲಾಡಿಸಿದರೂ ಸಿಡುಕುವ ಲೆಕ್ಕದ ಮೇಡಂ ಬೆಕ್ಕು ಸಾಕುತ್ತಾರಂತೆ! ನಗಲಿ ಬಿಡಿ. ಯಾಕೆ ತಂದೆ ಎನ್ನುವುದನ್ನು ಅವರಿಗೆ ಹೇಳುವ ಹಾಗಿರಲಿಲ್ಲ. ಹದಿನಾರು ವರ್ಷದ ಹಿಂದೆ ನಾನು ಒಂದು ಬೆಕ್ಕನ್ನು ಚೀಲಕ್ಕೆ ತುಂಬಿ ದೂರ ಬಿಟ್ಟು ಬಂದಿದ್ದೆ. ಅದು ನನ್ನ ಅತ್ತೆಯ ಬೆಕ್ಕು.

ಮಾವ ತೀರಿಕೊಂಡ ಮೇಲೆ ಹಳ್ಳಿಯ ಮನೆ ಮಾರಿ, ಅತ್ತೆ ಮಳವಳ್ಳಿ ಕಡೆಯಿಂದ ಮಂಡ್ಯಕ್ಕೆ, ಗುತ್ತಲು ಬಡಾವಣೆಯ ನಮ್ಮ ಮನೆಗೆ ಬಂದರು. ಒಂದು ಟ್ರಂಕು, ಯಾತಕ್ಕೂ ಬೇಡದ ಒಂದು ಒನಕೆ, ಮಂಕರಿ ಬುಟ್ಟಿಯಲ್ಲಿ ಒಂದು ಬೂದು ಬಣ್ಣದ ಬೆಕ್ಕು. ಆಗ ನನ್ನ ಮಗಳಿಗೆ ಎಂಟು ತಿಂಗಳು. ಹೆರಿಗೆ ರಜೆ ಮುಗಿದು ಮದ್ದೂರಿನ ಸ್ಕೂಲಿಗೆ ಮತ್ತೆ ಹೋಗತೊಡಗಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗು ಅತ್ತೆಯ ಕಂಕುಳಲ್ಲೇ. ಅವರಿಲ್ಲದಿದ್ದರೆ ನನ್ನ ಕೆಲಸ ಒಂದು ದಿನವೂ ನಡೆಯುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಒಂದು ಸಂಜೆ ಬಂದು ನೋಡುತ್ತೇನೆ, ತೊಟ್ಟಿಲಲ್ಲಿ ಮಗುವಿನ ಕಾಲ ಬಳಿ ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿದೆ. ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ‘ಈ ಮನೇಲಿ ಇದಿರಬೇಕು, ಇಲ್ಲಾ ನಾನಿರಬೇಕು’ ಅಂದೆ. ಅತ್ತೆ ಬೆಕ್ಕನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು.

ಆ ಭಾನುವಾರ ನೆಂಟರ ತಿಥಿ ಅಂತ ಅತ್ತೆ ಮಳವಳ್ಳಿಗೆ ಹೋಗಿದ್ದರು. ಗಂಡ ಮಗುವಿನ ಪಕ್ಕ ಮಲಗಿ ಗೊರಕೆ ಹೊಡೆಯುತ್ತಿದ್ದರು. ನಾನು ಬೆಕ್ಕಿಗೆ ಹೊಡೆಯಲಿಲ್ಲ, ವಿಷ ಇಡಲಿಲ್ಲ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ನಮ್ಮಲ್ಲಿ ಎಲ್ಲರಿಗೂ ಭಯ. ಬಿಟ್ಟು ಬರುವುದಕ್ಕೆ ಮಾತ್ರ ಯಾವ ಪಾಪವೂ ಇಲ್ಲ. ಹಾಗಂತ ನಂಬಿದ್ದೇವೆ. ಬಿಡುವುದಕ್ಕೆ ಒಂದು ಕ್ರಮವೂ ಇದೆ: ಗೋಣಿಚೀಲಕ್ಕೆ ಹಾಕಬೇಕು, ನೀರು ದಾಟಿಸಬೇಕು, ದಿಕ್ಕು ತಪ್ಪಲಿ ಅಂತ ಚೀಲವನ್ನು ಮೂರು ಸುತ್ತು ತಿರುಗಿಸಿ ಆಮೇಲೆ ಬಾಯಿ ಬಿಚ್ಚಬೇಕು. ನಾನು ಲೆಕ್ಕದವಳು, ಒಂದು ಹಂತವನ್ನೂ ಬಿಡಲಿಲ್ಲ. ಚೀಲವನ್ನು ಸ್ಕೂಟಿಯ ಮುಂದೆ ಕಾಲ ಬಳಿ ಇಟ್ಟುಕೊಂಡು ನಾಲೆ ದಾಟಿ, ಗೆಜ್ಜಲಗೆರೆ ಹತ್ತಿರ ರಸ್ತೆ ಪಕ್ಕದ ಹೊಂಗೆಮರದ ಕೆಳಗೆ ಬಿಟ್ಟೆ. ಓಡಿಹೋಗುತ್ತದೆ ಅಂದುಕೊಂಡಿದ್ದೆ. ಓಡಲಿಲ್ಲ. ಕೂತು ನನ್ನನ್ನೇ ನೋಡಿತು. ನಾನು ಸ್ಕೂಟಿ ತಿರುಗಿಸಿದೆ.

‘ಮಧ್ಯಾಹ್ನದಿಂದ ಕಾಣಲಿಲ್ಲ ಅತ್ತೆ, ಎಲ್ಲೋ ಹೋಗಿರಬೇಕು, ಬರುತ್ತೆ ಬಿಡಿ’ ಅಂತ ಅತ್ತೆಗೆ ಹೇಳಿದೆ. ಗಂಡನಿಗೂ ಅದನ್ನೇ ಹೇಳಿದೆ. ಅತ್ತೆ ದಿನಾ ಸಂಜೆ ಮಗುವನ್ನು ಎತ್ತಿಕೊಂಡು ಬೀದಿ ಬೀದಿ ಅಲೆದರು. ‘ಬಾರವ್ವಾ, ಎಲ್ಲಿದ್ದೀಯೆ, ಬಾ ನನ್ ಕಂದ’ ಅನ್ನುವ ಕೂಗು ಅಡುಗೆಮನೆಯಲ್ಲಿದ್ದ ನನಗೆ ಕೇಳುತ್ತಿತ್ತು. ಕುಕ್ಕರಿನ ಸೀಟಿಯಾದರೂ ಬೇಗ ಕೂಗಬಾರದೇ ಅನ್ನಿಸುತ್ತಿತ್ತು. ಒಂದು ವಾರ ಹೀಗೇ ನಡೆಯಿತು. ಆಮೇಲೆ ಒಂದು ಸಂಜೆ ಅವರು ಹೊರಗೆ ಹೋಗಲೇ ಇಲ್ಲ. ಮರೆತರು, ಸದ್ಯ ಅಂತ ಉಸಿರು ಬಿಟ್ಟೆ.

ಮರೆಯಲಾಗದೆ ಉಳಿದವಳು ನಾನು. ಮಂಡ್ಯದಿಂದ ಮದ್ದೂರಿಗೆ ಹೋಗುವ ಬಸ್ಸು ದಿನಾ ಎರಡು ಸಲ ಆ ಹೊಂಗೆಮರವನ್ನು ದಾಟಬೇಕು. ಮೊದಮೊದಲು ಬೇಕೆಂದೇ ಆಚೆ ಬದಿಯ ಸೀಟಿನಲ್ಲಿ ಕೂರುತ್ತಿದ್ದೆ. ಆದರೂ ಆ ಜಾಗ ಬಂದಾಗ ಕತ್ತು ತಾನಾಗಿ ತಿರುಗುತ್ತಿತ್ತು. ರಸ್ತೆ ಅಗಲ ಮಾಡಿದರು, ಮರ ಕಡಿದರು, ಅಲ್ಲೊಂದು ಟೀ ಅಂಗಡಿ ಬಂತು. ನನಗೆ ಮಾತ್ರ ಮರ ಅಲ್ಲೇ ಇತ್ತು, ಅದರ ಕೆಳಗೆ ಅದು ಕೂತೇ ಇತ್ತು. ಒಮ್ಮೆ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕ್ಲಾಸಿನಲ್ಲೇ ಬೆಕ್ಕು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ‘ಯಾರೋ ಅದು?’ ಅಂತ ಗದರಿದೆ. ಮಕ್ಕಳು ಮುಖ ಮುಖ ನೋಡಿಕೊಂಡವು. ‘ಯಾರೂ ಕೂಗ್ಲಿಲ್ಲ ಮಿಸ್’ ಅಂದವು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಚಾಕ್‌ಪೀಸು ಕೈಯಲ್ಲೇ ಮುರಿದುಹೋಯಿತು.

ಹೋದ ವರ್ಷ ಒಂದು ಸಂಜೆ ನನ್ನ ಬಸ್ಸು ಪಂಕ್ಚರ್ ಆದದ್ದೂ ಗೆಜ್ಜಲಗೆರೆಯಲ್ಲೇ. ಎಲ್ಲರೂ ಇಳಿದೆವು. ಸ್ಟಾಪಿನಲ್ಲಿ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದ ಒಬ್ಬ ಹೆಂಗಸು ರಟ್ಟಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಳಗೆ ಕಂದು ಪಟ್ಟೆಯ ಬೆಕ್ಕು. ಬೈಕು ಬಡಿದಿತ್ತಂತೆ. ಇವಳೇ ದನದ ಆಸ್ಪತ್ರೆಗೆ ಒಯ್ದು ಕಾಲಿಗೆ ಪಟ್ಟಿ ಹಾಕಿಸಿದ್ದಳು. ಅವಳ ಬಾಡಿಗೆ ರೂಮಿನ ಓನರು ಬೆಕ್ಕನ್ನು ಒಳಗೆ ಬಿಡುವುದಿಲ್ಲವಂತೆ.

‘ಮರಿಯಾಗಿದ್ರೆ ಯಾರಾದ್ರೂ ತಗಂಡೋಗೋರು ಮೇಡಂ, ದೊಡ್ಡದು ಯಾರ್ಗೂ ಬ್ಯಾಡ’ ಅಂದಳು. ‘ಬೀದೀಲಿ ಉಟ್ಟಿದ್ದಲ್ಲ ಇದು, ಸಾಕಿದ್ ಬೆಕ್ಕೇಯಾ. ಕೈ ಚಾಚುದ್ರೆ ತಲೆ ಕೊಡ್ತದೆ ನೋಡಿ. ಯಾವ ಪಾಪಿ ಮುಂಡೇವೋ ತಂದು ಬುಟ್ಟೋಗವೆ. ಅವ್ರ ಮನೆ ಆಳಾಗ!’

ಬಗ್ಗಿ ಪೆಟ್ಟಿಗೆಗೆ ಕೈ ಹಾಕಿದೆ. ‘ನನಗೆ ಕೊಡಮ್ಮ’ ಅಂದೆ. ಅವಳು ನನ್ನ ಕೈಹಿಡಿದು ‘ನಿಮ್ ಒಟ್ಟೆ ತಣ್ಣಗಿರ್ಲಿ’ ಅಂದಳು. ಆ ಹಾರೈಕೆಗಿಂತ ಮೊದಲಿನ ಶಾಪವೇ ವಾಸಿ ಅನ್ನಿಸಿತು.

ಮನೆಗೆ ತಂದೆನಲ್ಲ, ನನಗೆ ಬೇಕಾಗಿದ್ದದ್ದು ಒಂದೇ. ಅತ್ತೆ ಇದನ್ನು ಮಡಿಲಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡುಬಿಟ್ಟರೆ, ನಾನು ಬಾಯಿ ಬಿಡದೆಯೇ ನನ್ನ ಪಾಪ ಇಳಿದುಹೋಗುತ್ತದೆ. ಎಂಥ ಜಾಣೆ ನೋಡಿ! ಅತ್ತೆಗೆ ಈಗ ಎಂಬತ್ತು ದಾಟಿದೆ. ಕಣ್ಣು ಸ್ವಲ್ಪ ಮಂಜು, ತಲೆ ಮಾತ್ರ ಚುರುಕು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ‘ಯಾರ್ದೋ ಏನೋ. ನಾನ್ ಮುಟ್ಟಾಕಿಲ್ಲ’ ಅಂದರು.

ಬೆಕ್ಕು ಹೋಗಿ ವಾಷಿಂಗ್ ಮಷೀನಿನ ಹಿಂದೆ ಸೇರಿಕೊಂಡಿತು. ತಿಂಗಳುಗಟ್ಟಲೆ ನಾವು ಕಂಡದ್ದು ಎರಡು ಕಣ್ಣು ಮಾತ್ರ. ಇಟ್ಟ ಅನ್ನ ಖಾಲಿಯಾಗುತ್ತಿತ್ತು, ತಿನ್ನುವುದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಹತ್ತಿರ ಹೋದರೆ ಬುಸ್ಸೆನ್ನುತ್ತಿತ್ತು. ಮನೆಯಲ್ಲಿ ಇನ್ನೊಂದು ಜೀವ ನನ್ನ ಓಡಾಟವನ್ನೇ ಗಮನಿಸುತ್ತಿದೆ ಅಂತ ಬೆನ್ನ ಮೇಲೆ ಅರಿವಾಗುತ್ತಿತ್ತು. ಮಗಳು ನಗುತ್ತಿದ್ದಳು, ‘ಅಮ್ಮ, ನೀನು ಬೆಕ್ಕಿಗೆ ಹೆದರ್ತೀಯಾ!’ ಹೌದು, ಹೆದರುತ್ತಿದ್ದೆ.

ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಅತ್ತೆಯ ದನಿ. ‘ತಿನ್ನು ಕಂದ, ಇನ್ನೊಂದ್ ತುತ್ತು ತಿನ್ನು, ಯಾರೂ ಇಲ್ಲ ತಿನ್ನು.’ ಇಣುಕಿದೆ. ಬೆಕ್ಕು ಅವರ ಮಡಿಲಲ್ಲಿತ್ತು. ನನ್ನ ಚಪ್ಪಲಿ ಸದ್ದಿಗೆ ಅತ್ತೆ ಬೆಚ್ಚಿ ಅದನ್ನು ಕೆಳಗೆ ತಳ್ಳಿ, ಸೆರಗು ಕೊಡವಿ, ಗೋಡೆ ನೋಡುತ್ತ ಕೂತರು.

‘ಯಾಕತ್ತೆ, ನನ್ನ ಕಂಡು ಇಳಿಸಿಬಿಟ್ರಿ?’

‘ಸುಮ್ಕೆ ಕಣವ್ವ. ಅದೇ ಬಂದು ಕೂತ್ಕತು.’

ಇನ್ನು ತಡೆಯಲಾಗಲಿಲ್ಲ. ಬ್ಯಾಗು ಕೂಡ ಇಳಿಸದೆ, ನಿಂತೇ, ಎಲ್ಲವನ್ನೂ ಹೇಳಿಬಿಟ್ಟೆ. ಚೀಲ, ನಾಲೆ, ಮರ, ಹೇಳಿದ ಸುಳ್ಳು. ಅತ್ತೆ ಪೂರ್ತಿ ಕೇಳಿಸಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

‘ಗೊತ್ತು ಬುಡು’ ಅಂದರು. ‘ಬೆಕ್ಕು ಕಣ್ಮುಚ್ಕಂಡು ಆಲು ಕುಡುದ್ರೆ ಲೋಕಕ್ಕೆ ಕಾಣಾಕಿಲ್ವಾ?’

‘ಯಾರು ಹೇಳಿದ್ರು ನಿಮಗೆ?’

‘ಯಾರ್ ಏಳ್ಬೇಕು? ಅದೇ ಬಂದಿತ್ತಲ್ಲ.’

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು.

‘ಎಂಟ್ ದಿನುಕ್ಕೆ ಬಂತು. ನೀನು ಇಸ್ಕೂಲ್ಗೆ ಓಗಿದ್ದೆ. ಇತ್ಲಲ್ಲಿ ಬಟ್ಟೆ ಒಗೀತಿದ್ದೆ, ಕಾಂಪೌಂಡ್ ಮ್ಯಾಲಿಂದ ದೊಪ್ಪಂತ ಬಿತ್ತು. ಅಂಗಾಲೆಲ್ಲ ಕಿತ್ತೋಗಿತ್ತು, ಒಟ್ಟೆ ಬೆನ್ಗಂಟಿತ್ತು. ಅದ್ರ ಕಾಲ್ ನೋಡ್ದೇಟ್ಗೇ ಗೊತ್ತಾಯ್ತು, ಯಾರೋ ದೂರ ಬುಟ್ಟವ್ರೆ ಅಂತ. ಇನ್ಯಾರು ಬುಟ್ಟಾರು? ಆಲು ಆಕ್ದೆ. ಕುಡ್ದು ಮಡ್ಲಲ್ಲೇ ಮನೀಕತು.’

‘ಆಮೇಲೆ?’

‘ಆಮೇಲೇನು. ನೀನ್ ಬರೋದ್ರೊಳ್ಗೆ ಆಗ್ಬೇಕಿತ್ತು. ಮಂಕ್ರಿಗಾಕಿ ಮ್ಯಾಲೆ ಸೀರೆ ಮುಚ್ದೆ. ಮಗೂನ ಕಂಕ್ಳಿಗೆತ್ಕಂಡು ಮಳವಳ್ಳಿ ಬಸ್ಸತ್ತುದೆ. ದಾರೀಲಿ ಒಂದ್ ಆಲೆಮನೆ ತಾವ ಇಳ್ದು ಬುಟ್ಟೆ. ಬೆಲ್ಲ ಕಾಯ್ಸೋ ಜನ ಇರ್ತರೆ, ಕಬ್ಬಿನ್ ಸಿಪ್ಪೇಲಿ ಇಲಿ ಇರ್ತವೆ, ಎಂಗೋ ಬದುಕ್ಕತದೆ ಅನ್ಕಂಡೆ.’

‘ಹಿಂದೆ ಬರಲಿಲ್ವಾ?’

‘ಬಂತು. ವಾಪಸ್ ಬಸ್ಸು ಬರಗಂಟ ಕಾಲ್ನೇ ಸುತ್ತುತಿತ್ತು. ಮಗು ಅದುನ್ನ ನೋಡಿ ನಗ್ತಿತ್ತು.’

ಹದಿನಾರು ವರ್ಷ ನಾನು ನೋಡುತ್ತಿದ್ದದ್ದು ಖಾಲಿ ಜಾಗವನ್ನು. ಅದು ಅಲ್ಲಿಂದ ಎದ್ದು, ನೀರು ದಾಟಿ, ದಿಕ್ಕು ಹುಡುಕಿಕೊಂಡು ಮನೆಗೇ ಬಂದಿತ್ತು. ಕುರ್ಚಿ ಎಳೆದುಕೊಂಡು ಅವರ ಎದುರು ಕೂತೆ.

‘ಯಾಕತ್ತೆ ಹೀಗ್ಮಾಡಿದ್ರಿ? ನನಗೆ ಒಂದು ಮಾತು ಹೇಳಬಾರದಿತ್ತಾ?’

‘ಏನಂತ ಏಳಾನ? ನಿಂಗ್ ಬ್ಯಾಡ್ದಿದ್ದುನ್ನ ತಿರ್ಗ ಒಳೀಕೆ ಬುಟ್ಕಂಡ್ರೆ ನಂಗ್ ಜಾಗ ಇದ್ದದಾ ಅನ್ನುಸ್ತು. ಅಳ್ಳಿ ಮನೆ ಮಾರಾಗಿತ್ತು. ನನ್ನೂ ಬಸ್ಸತ್ಸಿ ಕಳ್ಸುದ್ರೆ ನಾನ್ ಎಲ್ಲಿಗೋಗನೆ?’

‘ನಿಮ್ಮನ್ನ ಕಳಿಸ್ತಿದ್ನಾ ಅತ್ತೆ! ನೀವಿಲ್ಲದೆ ನನಗೆ ಒಂದು ದಿನ ಆಗ್ತಿತ್ತಾ?’

‘ಅದು ನಿಂಗೊತ್ತು. ನಂಗೆಂಗ್ ಗೊತ್ತಾಗ್ಬೇಕು?’

ನನ್ನ ಆಯುಸ್ಸಿನಲ್ಲಿ ಯಾರೂ ನನಗೆ ಇಷ್ಟು ನೋವಾಗುವಂತೆ ಮಾತಾಡಿಲ್ಲ, ಅದೂ ಬೈಯದೆ. ಇವರಿಗೆ ಎಲ್ಲಿ ಗೊತ್ತಾಗುತ್ತದೋ ಅಂತ ನಾನು ಹೆದರಿಕೊಂಡು ಬದುಕಿದ್ದೆ. ಅಷ್ಟೂ ವರ್ಷ ಅವರು ನನಗೆ ಹೆದರಿಕೊಂಡು ಅದೇ ಅಡುಗೆಮನೆಯಲ್ಲಿ ನನ್ನ ಮಗುವಿಗೆ ಅನ್ನ ಕಲಸಿ ತಿನ್ನಿಸಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎತ್ತಿದಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

‘ಏಳ್ಬಾರ್ದಿತ್ತೇನೋ’ ಅಂದರು. ‘ಏನೂ ಅನ್ಕಬ್ಯಾಡ ಕಣವ್ವ.’

ಮಂಡಿ ಹಿಡಿದುಕೊಂಡು ಎದ್ದು ಸಿಂಕಿನ ಹತ್ತಿರ ಹೋಗಿ ಪಾತ್ರೆ ತೊಳೆಯತೊಡಗಿದರು. ‘ಬಿಡಿ ಅತ್ತೆ, ನಾನು ತೊಳೀತೀನಿ’ ಅಂದೆ. ‘ಇರ್ಲಿ, ಕೈಕಾಲ್ ಆಡೋಗಂಟ ಮಾಡ್ತೀನಿ’ ಅಂದರು. ವಾಷಿಂಗ್ ಮಷೀನಿನ ಹಿಂದಿನಿಂದ ಬೆಕ್ಕು ಕುಂಟುತ್ತ ಬಂದು ಅವರ ಕಾಲಿಗೆ ಮೈ ಉಜ್ಜಿತು. ಅತ್ತೆ ತಿರುಗಿ ನಾನು ನೋಡುತ್ತಿದ್ದೇನೆಯೇ ಅಂತ ನೋಡಿದರು. ನೋಡುತ್ತಿದ್ದೆ. ಪಾದದಿಂದ ಅದನ್ನು ಮೆಲ್ಲಗೆ ಆಚೆ ಸರಿಸಿದರು.