ಗೋಧಿ ಮುಗಿದ ಮೇಲೆ ರಾಗಿ

ಕೆಸರೆಯಲ್ಲಿ ನಮ್ಮಪ್ಪನ ಹಿಟ್ಟಿನ ಮಿಲ್ಲಿತ್ತು. ತಕ್ಕಡಿಯ ಹಿಂದಿನ ಗೋಡೆಗೆ ಬಣ್ಣದ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಅಪ್ಪ ಅಂಟಿಸಿದ್ದರು. ಅದರಲ್ಲಿ ಹಾಲೆಂಡಿನ ಗಾಳಿಗಿರಣಿಯ ಚಿತ್ರ. ತೊಂಬತ್ತರ ದಶಕದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಸಾಲಿನಲ್ಲಿ ಡಬ್ಬ ಇಟ್ಟು ಕೂತ ಹೆಂಗಸರು ಗೊಣಗಲು ಶುರುಮಾಡಿದರೆ ಅಪ್ಪ ಆ ಚಿತ್ರ ತೋರಿಸುತ್ತಿದ್ದರು.

"ಆ ಮಿಲ್ಲಿನವನಿಗೆ ಈ ಗೋಳಿಲ್ಲ ನೋಡ್ರವ್ವ. ಗಾಳಿಗೆ ಬಿಲ್ಲೂ ಇಲ್ಲ, ಕಟ್ಟೂ ಇಲ್ಲ."

ಹೆಂಗಸರು ಗೊಣಗುವುದನ್ನೇನೂ ನಿಲ್ಲಿಸುತ್ತಿರಲಿಲ್ಲ. ಡಬ್ಬ ಬಿಟ್ಟುಹೋಗಿ, ಕರೆಂಟು ಬಂದ ಮೇಲೆ ಬೀಸಿಡುತ್ತೇನೆ ಎಂದು ಅಪ್ಪ ಅವರನ್ನು ಮನೆಗೆ ಕಳಿಸುತ್ತಿದ್ದರು. ಆಮೇಲೆ ಮೇಲ್ಗಲ್ಲನ್ನು ಬಿಚ್ಚಿ, ಸವೆದ ಕಲ್ಲಿಗೆ ಉಳಿಯಿಂದ ಟಕಟಕ ಹೊಡೆದು ಒರಟು ಮಾಡುತ್ತ ಕೂರುವರು. ಮಿಲ್ಲು ನಿಂತಾಗ ಮಾಡುವ ಕೆಲಸ ಅದು. ಮಿಲ್ಲಿನ ಹಿಂಬದಿಯ ಮನೆಯಲ್ಲಿದ್ದ ನನಗೆ ಕರೆಂಟು ಹೋದದ್ದು ಗೊತ್ತಾಗುತ್ತಿದ್ದುದೇ ಆ ಸದ್ದಿನಿಂದ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಜಯಲಕ್ಷ್ಮಿಪುರಂನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಅಪ್ಪ ಅಮ್ಮನನ್ನು ನನ್ನ ಜೊತೆ ಯುರೋಪ್ ಪ್ರವಾಸಕ್ಕೆ ಹೊರಡಿಸಿದೆ. ಟೂರಿನವರ ಪಟ್ಟಿಯಲ್ಲಿ ಹಾಲೆಂಡಿನ ಒಂದು ದಿನ ಖಾಲಿ ಇತ್ತು. ಅಂಗಡಿ ಸುತ್ತುವವರು ಸುತ್ತಬಹುದು ಎಂದು ಬರೆದಿತ್ತು. ಅಪ್ಪ ಅದರ ಮೇಲೆ ಬೆರಳಿಟ್ಟು, "ಈ ದಿನ ನನಗೆ ಬುಡು" ಅಂದರು.

"ಏನ್ರೀ, ಅಲ್ಲಿಗೋದ್ರೂ ಮಿಲ್ಲೇನಾ? ಮೂವತ್ತು ವರ್ಷ ಇಲ್ಲಿ ಹಿಟ್ಟು ಕುಡಿದಿದ್ದು ಸಾಲ್ದಾ?" ಎಂದು ಅಮ್ಮ ರೇಗಿದರು. ಅವರಿಗೆ ಹೂವಿನ ತೋಟ ನೋಡಬೇಕಿತ್ತು. ಆದರೆ ನಾವು ಹೋಗುವ ಜೂನ್ ತಿಂಗಳಿಗೆ ಹೂವೆಲ್ಲ ಮುಗಿದಿರುತ್ತದೆ ಎಂದು ತಿಳಿದ ಮೇಲೆ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಆ ಒಂದು ದಿನಕ್ಕಾಗಿ ಎರಡು ತಿಂಗಳು ತಯಾರಿ ನಡೆಯಿತು. ನಾನು ಕಾಲೇಜಿನ ಪಕ್ಕದ ಸೈಬರ್ ಸೆಂಟರಿನಲ್ಲಿ ಗಿರಣಿಗಳ ವಿವರ ಪ್ರಿಂಟ್ ತೆಗೆಸಿಕೊಂಡು ಬರುವುದು, ಅಪ್ಪ ಕೆಂಪು ಪೆನ್ಸಿಲ್ ಹಿಡಿದು ಹೊಡೆದುಹಾಕುವುದು. ಹೆಸರುವಾಸಿ ಗಿರಣಿಗಳಲ್ಲಿ ಒಂದು ಬಣ್ಣ ಅರೆಯುವುದು, ಒಂದು ಎಣ್ಣೆಯದು, ಇನ್ನೊಂದು ಮರ ಕೊಯ್ಯುವುದು. "ಹಿಟ್ಟು ಮಾಡದೇ ಇರೋ ಮಿಲ್ಲಿಗೆ ನಾವ್ಯಾಕೆ ಹೋಗಣ?" ಕೊನೆಗೆ ಉಳಿದದ್ದು ಒಂದು ಹಳ್ಳಿಯ ಪಕ್ಕದ ಹಳೆಯ ಗೋಧಿ ಗಿರಣಿ. ರೈಲಿನಲ್ಲಿ ಒಂದು ಗಂಟೆ, ಆಮೇಲೆ ಬಸ್ಸು.

ಹೊರಡುವ ವಾರ ನೋಡಿದರೆ, ಅಮ್ಮನ ಐದು ಸ್ಟೀಲ್ ಡಬ್ಬದ ಸೆಟ್ಟಿನಿಂದ ಒಂದನ್ನು ಎತ್ತಿಕೊಂಡು ಅಪ್ಪ ಅದಕ್ಕೆ ಒಂದು ಸೇರು ರಾಗಿ ತುಂಬುತ್ತಿದ್ದಾರೆ. ತಾವೇ ಮೊರದಲ್ಲಿ ಕೇರಿ ಹಸನು ಮಾಡಿದ ರಾಗಿ. "ಮಿಲ್ಲಿಗೆ ಬರಿಗೈಲಿ ಹೋಗಕ್ಕಾಯ್ತದಾ? ಗಾಳೀಲಿ ಬೀಸಿದ ಹಿಟ್ಟು ಎಂಗಿರ್ತದೆ ಅಂತ ಒಂದ್ಸಲ ಕೈಲಿ ಮುಟ್ಟಿ ನೋಡ್ಬೇಕು ಕಣವ್ವ."

ಅವರಿಗೆ ಬೇಕಾಗಿದ್ದುದು ಅಷ್ಟೇ. ಬೆಳಿಗ್ಗೆ ಎಂಟರ ರೈಲಿಗೆ ಹೋಗೋಣ ಅಂದೆ. ಅದಾಗದು ಅಂದರು. ಕಲ್ಲಿಗೆ ಮೊದಲು ರಾಗಿ ಬಿದ್ದರೆ ಹಿಂದೆ ಬರುವ ಗೋಧಿಯ ಹಿಟ್ಟು ಕಪ್ಪಾಗುತ್ತದೆ. ಕೆಸರೆಯಲ್ಲಿ ಗೋಧಿ ಡಬ್ಬಗಳೆಲ್ಲ ಮುಗಿದ ಮೇಲೆಯೇ ರಾಗಿಯ ಸರದಿ. "ಅವರು ಗೋಧಿ ತಿನ್ನೋ ಜನ. ನಮ್ಮಿಂದ ಅವರ ಹಿಟ್ಟು ಕೆಡಬಾರ್ದು. ಮಧ್ಯಾಹ್ನ ಹೋಗಣ." ಸಮುದ್ರ ದಾಟಿ ಹೋಗಿಯೂ ಗುರುತಿಲ್ಲದವರ ಚಪಾತಿಯ ಚಿಂತೆ ಮಾಡುವ ಮನುಷ್ಯನ ಹತ್ತಿರ ಏನು ವಾದ ಮಾಡುವುದು? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ತಡೆದುಕೊಂಡು, ಹನ್ನೆರಡೂವರೆಯ ರೈಲು ಎಂದು ಬರೆದುಕೊಂಡೆ.

ನಾವು ಬಸ್ಸಿಳಿದಾಗ ಎರಡೂವರೆ. ಹಸಿರು ಬಯಲು, ನಾಲ್ಕು ಹಸು, ಅದರಾಚೆ ಗಿರಣಿ. ಕ್ಯಾಲೆಂಡರಿನಲ್ಲಿದ್ದ ಹಾಗೆಯೇ ಇತ್ತು, ಮತ್ತು ಅದರ ಹಾಗೆಯೇ ಅಲ್ಲಾಡದೆ ನಿಂತಿತ್ತು. ಒಂದು ಎಲೆ ಕೂಡ ಮಿಸುಕುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಎತ್ತರದ ಮಿಲ್ಲಿನವನನ್ನು ಇಂಗ್ಲಿಷಿನಲ್ಲಿ ವಿಚಾರಿಸಿದೆ. ಬೆಳಿಗ್ಗೆಯೆಲ್ಲ ಚೆನ್ನಾಗಿ ತಿರುಗಿತು, ಹನ್ನೆರಡಕ್ಕೆ ಗಾಳಿ ಬಿದ್ದುಹೋಯಿತು, ಮತ್ತೆ ಯಾವಾಗ ಬರುತ್ತದೋ ಹೇಳಲಾರೆ ಎಂದು ಹೇಳಿ ಒಳಗೆ ಹೋದ.

ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಕರೆಂಟ್ ಹೋಯ್ತು ಕಣ್ರೀ."

ನಾನು ನಗಲಿಲ್ಲ. "ಬೆಳಿಗ್ಗೆ ಬರೋಣ ಅಂತ ಬಡ್ಕೊಂಡೆ. ನಿಮ್ಮ ಗೋಧಿ ರಾಗಿ ಲೆಕ್ಕದಲ್ಲಿ ಎಲ್ಲ ಹಾಳಾಯ್ತು" ಅಂದುಬಿಟ್ಟೆ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಪ್ಪ ತಲೆ ತಗ್ಗಿಸಿದರು. ಯಾಕಾದರೂ ಅಂದೆನೋ ಅನ್ನಿಸಿತು.

ಆಗ ಒಳಗಿನಿಂದ ಸದ್ದು ಬಂತು. ಟಕ್, ಟಕ್, ಟಕ್.

ಅಪ್ಪ ತಲೆಯೆತ್ತಿದರು. ನನ್ನ ಮುಖ ನೋಡಿದರು. ಅರವತ್ತೆಂಟು ವರ್ಷದ ಮನುಷ್ಯ ಡಬ್ಬ ಹಿಡಿದುಕೊಂಡೇ ಆ ಕಡಿದಾದ ಮರದ ಏಣಿ ಹತ್ತಿದರು. ಮೇಲೆ ಎರಡು ಜೊತೆ ಕಲ್ಲುಗಳಿದ್ದವು. ಒಂದರ ಮೇಲ್ಗಲ್ಲನ್ನು ಎತ್ತಿ ಮಗುಚಿಟ್ಟು ಮಿಲ್ಲಿನವನು ಅದಕ್ಕೆ ಹೊಡೆಯುತ್ತಿದ್ದ. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಮೇಲೆ ಅಂಗೈ ಸವರಿದರು. ಅಂಚಿನ ಹತ್ತಿರ ಒಂದು ಕಡೆ ಬೆರಳು ನಿಲ್ಲಿಸಿ, ಇಲ್ಲಿನ್ನೂ ನುಣುಪಾಗಿದೆ ಎನ್ನುವಂತೆ ತಲೆಯಾಡಿಸಿದರು. ಅವನೂ ಅಲ್ಲಿ ಸವರಿ ನೋಡಿ, ಸುತ್ತಿಗೆಯನ್ನು ಅಪ್ಪನ ಕೈಗೆ ಕೊಟ್ಟ.

ಎರಡು ಗಂಟೆ ಇಬ್ಬರೂ ಸರದಿಯ ಮೇಲೆ ಹೊಡೆದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ನನ್ನನ್ನು ಯಾರೂ ಕೇಳಲೂ ಇಲ್ಲ. ಗಾಳಿ ಇದ್ದಿದ್ದರೆ ನಾವು ರಾಗಿ ಬೀಸಿಸಿಕೊಂಡು, ಫೋಟೋ ತೆಗೆಸಿಕೊಂಡು ವಾಪಸು ಬರುತ್ತಿದ್ದೆವು ಅಷ್ಟೇ. ಅಪ್ಪನ ಕೆಲಸವನ್ನು ಅಷ್ಟು ಹೊತ್ತು ಕೂತು ನೋಡಿದ್ದು ನಾನು ಅದೇ ಮೊದಲು. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ಗಾಳಿ ಬರಲೇ ಇಲ್ಲ. ಐದರ ಬಸ್ಸಿಗೆ ಎದ್ದಾಗ ಮಿಲ್ಲಿನವನು ಡಬ್ಬ ನೋಡಿ, ಬಿಟ್ಟುಹೋಗಿ, ಗಾಳಿ ಬಂದಾಗ ಬೀಸಿ ಅಂಚೆಯಲ್ಲಿ ಕಳಿಸುತ್ತೇನೆ, ವಿಳಾಸ ಕೊಡಿ ಅಂದ. ಅದನ್ನು ಅಪ್ಪನಿಗೆ ಹೇಳಿದೆ.

"ಅಡ್ರೆಸ್ ಯಾಕವ್ವ? ಮಿಲ್ಲಲ್ಲಿ ಡಬ್ಬ ಬುಟ್ಟೋರು ತಾವೇ ಬಂದು ತಗೊಂಡೋಗ್ತಾರೆ ಅಂತೇಳು."

ಚೀಟಿಯಲ್ಲಿ ಕನ್ನಡದಲ್ಲೇ ಬರೆದರು: ರಾಗಿ, ಒಂದು ಸೇರು, ಗೋಧಿ ಮುಗಿದ ಮೇಲೆ ಹಾಕಿ. ನಾನು ಅರ್ಥ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿ, ಗೋಧಿ ಮೂಟೆಗಳ ಸಾಲಿನ ಕೊನೆಯಲ್ಲಿ ಡಬ್ಬ ಇಟ್ಟ.

ಕೆಸರೆಯಲ್ಲಿ ಗಿರಾಕಿಗಳು ವರ್ಷವಿಡೀ ಕೇಳಿದರು, "ನಿಮ್ಮ ರಾಗಿ ಬೀಸಿ ಆಯ್ತಾ ಅಣ್ಣಾ?" ಎಂದು. "ಅಲ್ಲಿನ್ನೂ ಕರೆಂಟ್ ಬಂದಿಲ್ಲ ಕಣ್ರವ್ವ" ಅನ್ನುತ್ತಿದ್ದರು ಅಪ್ಪ. ಅಮ್ಮ ನಾಲ್ಕೇ ಉಳಿದ ಡಬ್ಬದ ಸೆಟ್ಟು ನೋಡಿದಾಗಲೆಲ್ಲ ಅವರನ್ನು ಬೈಯುತ್ತಿದ್ದರು.

ಮರುವರ್ಷ ಒಂದು ಭಾನುವಾರ ಅದೇ ಅಮ್ಮ ಕೆಂಪು ಪೆನ್ಸಿಲ್ಲನ್ನೂ ಹೊಸ ಕ್ಯಾಲೆಂಡರನ್ನೂ ತಂದು ಮಿಲ್ಲಿನಲ್ಲಿ ಕೂತಿದ್ದ ನನ್ನ ಮುಂದಿಟ್ಟರು. "ಅಲ್ಲಿ ಗಾಳಿ ಜಾಸ್ತಿ ಬೀಸೋ ತಿಂಗಳು ಯಾವ್ದು ನೋಡವ್ವ. ಈ ಸಲ ಬೆಳಿಗ್ಗೆ ರೈಲಿಗೇ ಹೋಗಣ."

ಅಪ್ಪ ತಕ್ಕಡಿಯ ಹಿಂದಿನಿಂದಲೇ, "ಬೆಳಿಗ್ಗೆ ಹೋದ್ರೂ ಗೋಧಿ ಮುಗಿಯೋಗಂಟ ಕಾಯ್ಬೇಕು" ಅಂದರು.

"ಕಾಯಣ ಬುಡಿ" ಅಂದರು ಅಮ್ಮ.