ಬರ್ತೀನಿ ಅಂದವರು

ಈ ವಿಷಯ ತೆಗೆದಾಗಲೆಲ್ಲ ನನ್ನ ಗಂಡ ಬಾಯ್ಲರ್ ಕಡೆ ಕೈ ತೋರಿಸುತ್ತಾರೆ. ಪೈಪಿನ ಸದ್ದಂತೆ. ನಾನು ಗಾಬರಿ ಸ್ವಭಾವದವಳು, ಒಪ್ಪಿದೆ. ಇಸ್ತ್ರಿಪೆಟ್ಟಿಗೆ ಆಫ್ ಮಾಡಿದೆನೋ ಇಲ್ಲವೋ ಎಂದು ಮೋಟರ್‌ವೇ ಹತ್ತಿದ ಕಾರನ್ನು ತಿರುಗಿಸಿದವಳು. "ನಿನ್ನ ಕಲ್ಪನೆಗೇ ಬೇರೆ ಮನೆಗಂದಾಯ ಕಟ್ಟಬೇಕು ಕಣೇ," ಎನ್ನುತ್ತಾರೆ. ಕಟ್ಟಲಿ. ಆದರೆ ಆ ಸಂಜೆ ಮನೆಯಲ್ಲಿ ಇದ್ದವಳು ನಾನು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು, ಈಗ್ಗೆ ಹತ್ತು-ಹನ್ನೆರಡು ವರ್ಷದ ಹಿಂದೆ. ಇಂಗ್ಲಿಷರ ನಾಡಿನ ಸ್ಟಾಕ್‌ಪೋರ್ಟ್‌ನಲ್ಲಿ ನಮ್ಮದು ಜೋಡಿಮನೆ. ಒಂದೇ ಗೋಡೆಯ ಈಚೆ ನಾವು, ಆಚೆ ಲೆನಾ. ಅರವತ್ತು ದಾಟಿದ ಯಹೂದಿ ಹೆಂಗಸು. ಮದುವೆಯಾಗದೆ ಒಬ್ಬರೇ ಇದ್ದವರು. ನನ್ನ ಗಂಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಅವರ ಡ್ಯೂಟಿಯ ಪಾಳಿ ಅವರಿಗೇ ನೆನಪಿರುತ್ತಿರಲಿಲ್ಲ. ನನಗೆ ಕನ್ನಡಕದಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ. ಹೀಗಾಗಿ ನಮ್ಮ ಎಂಟು ವರ್ಷದ ಪಲ್ಲವಿ ಸ್ಕೂಲು ಬಿಟ್ಟ ಮೇಲೆ ನಾನು ಬರುವ ತನಕ ಲೆನಾ ಹತ್ತಿರ ಇರುತ್ತಿದ್ದಳು.

ಅಲ್ಲೇ ನನ್ನ ಹೊಟ್ಟೆಯುರಿ ಶುರುವಾದದ್ದು.

ನಾನು ಮಾಡಿದ ಸಾರನ್ನು ಮೂಸಿ ಪಕ್ಕಕ್ಕೆ ತಳ್ಳುವ ಮಗಳು ಲೆನಾ ಮಾಡುವ ಬಾರ್ಲಿ ಸೂಪನ್ನು ಬಟ್ಟಲು ನೆಕ್ಕಿ ಮುಗಿಸುತ್ತಿದ್ದಳು. ನನ್ನ ಕನ್ನಡಕ್ಕೆಲ್ಲ ಅವಳದು ಒಂದೇ ಇಂಗ್ಲಿಷ್ ಉತ್ತರ, "ಇನ್ ಎ ಮಿನಿಟ್." ಲೆನಾ ಕರೆದರೆ ಆ ಮಿನಿಟೂ ಬೇಡ. ಮಲಗುವ ಹೊತ್ತಿಗಂತೂ ನನಗೆ ಒಂದು ಒಣ "ನೈಟ್ ಮಮ್". ಗೋಡೆಯಾಚೆಯಿಂದ ಟಕ್ ಟಕ್... ಟಕ್ ಎಂದು ಸದ್ದು ಬರುತ್ತಿತ್ತು. ಎರಡು ಬಡಿತ, ಒಂದು ಉಸಿರಿನಷ್ಟು ಮೌನ, ಮತ್ತೊಂದು. ಪಲ್ಲವಿ ಹಾಸಿಗೆಯಿಂದ ಎದ್ದು ಕೂತು ಹಾಗೇ ಬಡಿದು ಉತ್ತರ ಕೊಡುತ್ತಿದ್ದಳು. ಬಾಗಿಲ ಬಳಿ ಹಾಲಿನ ಲೋಟ ಹಿಡಿದು ನಿಂತ ನಾನು ಗೋಡೆಯನ್ನು ಸವತಿಯ ಹಾಗೆ ನೋಡುತ್ತಿದ್ದೆ.

ಕೊನೆಗೊಂದು ದಿನ ತಡೆಯಲಾರದೆ, ಏನಿದು ಆಟ ಎಂದು ಲೆನಾರನ್ನೇ ಕೇಳಿಬಿಟ್ಟೆ.

ಆಟವಲ್ಲ ಅಂದರು. ಅವರು ಹಾಲೆಂಡಿನಲ್ಲಿ ಪಲ್ಲವಿಗಿಂತ ಚಿಕ್ಕವರಿದ್ದಾಗ ಯುದ್ಧ. ಯಹೂದಿಗಳನ್ನು ಮನೆಮನೆಯಿಂದ ಎಳೆದೊಯ್ಯುತ್ತಿದ್ದ ಕಾಲ. ತಾಯಿ ಅವರನ್ನು ಒಂದು ಹಳ್ಳಿಯ ರೈತನ ಹೆಂಡತಿಯ ಕೈಗೆ ಒಪ್ಪಿಸಿದಳು. "ಬರ್ತೀನಿ" ಎಂದು ಹೇಳಿ ಹೋದಳು. ರೈತನ ಹೆಂಡತಿ ಮಗುವಿಗೆ ಲೆನಾ ಎಂದು ಹೊಸ ಹೆಸರಿಟ್ಟಳು. ಯಾರಾದರೂ ಮನೆ ಹತ್ತಿರ ಬಂದರೆ ಬಟ್ಟೆ ಬೀರುವಿನ ಹಿಂದಿನ ಸಂದಿಯಲ್ಲಿ ಅಡಗಿ ಕೂರಬೇಕು. ಕೆಮ್ಮು ಬಂದರೆ ತೋಳು ಕಚ್ಚಿಕೊಳ್ಳಬೇಕು. ಯಾರು ಕರೆದರೂ ಹೊರಗೆ ಬರಕೂಡದು. ಬೀರುವಿನ ಮೇಲೆ ಎರಡು, ಆಮೇಲೆ ಒಂದು ಬಡಿತ ಕೇಳಿದರೆ ಮಾತ್ರ ಬರಬೇಕು.

ಒಂದು ದಿನ ಅಂಗಳದಿಂದ ಅಮ್ಮನ ದನಿ ಕೇಳಿತಂತೆ. ಮಗುವಿನ ನಿಜವಾದ ಹೆಸರು ಹಿಡಿದು ಕರೆಯುತ್ತಿತ್ತು. ಆದರೆ ಬಡಿತ ಇರಲಿಲ್ಲ. ಲೆನಾ ತೋಳು ಕಚ್ಚಿ ಕೂತೇ ಇದ್ದರು. ದನಿ ನಿಂತುಹೋಯಿತು. ಯಾರೂ ಬಂದಿರಲಿಲ್ಲ ಮಗು ಎಂದಳಂತೆ ರೈತನ ಹೆಂಡತಿ.

"ನಿಮ್ಮ ನಿಜವಾದ ಹೆಸರೇನು?" ಎಂದೆ.

"ಅದು ಅಮ್ಮ ಬಂದಾಗ ಕರೆಯೋಕೆ ಅಂತ ಇಟ್ಟಿದೀನಿ," ಅಂದರು. ಈ ಊರಲ್ಲಿ ಯಾರಿಗೂ ಹೇಳಿಲ್ಲವಂತೆ.

ಯಾರ ಕರುಳೂ ಕರಗುವ ಮಾತು. ನನ್ನದೂ ಕರಗಿತು. ಆದರೆ ಪಕ್ಕದಲ್ಲಿ ಕೂತ ಪಲ್ಲವಿ "ಐ ನೋ ದಿಸ್ ಒನ್" ಎಂದು ಬಿಸ್ಕತ್ತು ಕಡಿದಳು ನೋಡಿ... ನನಗಿಂತ ಮುಂಚೆ ಅವಳಿಗೆ ಹೇಳಿದ್ದಾರೆ! ಕರಗಿದ್ದು ಅರ್ಧಕ್ಕೇ ಗಟ್ಟಿಯಾಯಿತು.

ಆ ಡಿಸೆಂಬರಿನಲ್ಲಿ ಲೆನಾಗೆ ನ್ಯುಮೋನಿಯಾ ಆಯಿತು. ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ, ನಾನೊಬ್ಬಳೇ ಹೋದೆ. ದಿಂಬಿನ ಮೇಲೆ ಮುಖ ಒಂದು ಹಿಡಿಯಷ್ಟಾಗಿತ್ತು. ಪಲ್ಲವಿ ಊಟ ಮಾಡುತ್ತಾಳಾ ಎಂದು ಕೇಳಿದರು. ಚೆನ್ನಾಗಿ ಮಾಡುತ್ತಾಳೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಹೊತ್ತಾಯಿತು, ಎದ್ದೆ. ನಮ್ಮಲ್ಲಿ ಹೊರಡುವಾಗ, ಅದರಲ್ಲೂ ಕಾಯಿಲೆಯವರ ಎದುರು, ಯಾರಾದರೂ "ಹೋಗ್ತೀನಿ" ಅನ್ನುತ್ತಾರೆಯೇ? ಬಾಯಿಗೆ ಬಂದದ್ದನ್ನೇ ಇಂಗ್ಲಿಷಿಗೆ ಹಾಕಿದೆ.

"ಓಕೆ ಲೆನಾ, ಐ ವಿಲ್ ಕಮ್."

ಅವರು ನನ್ನ ಮಣಿಕಟ್ಟು ಹಿಡಿದರು. ಆ ಒಣಗಿದ ಕೈಗೆ ಅಷ್ಟು ಬಿಗಿ ಎಲ್ಲಿಂದ ಬಂತೋ...

"ಯಾವಾಗ?"

ನಾನು ನಕ್ಕುಬಿಟ್ಟೆ. ಇದು ನಮ್ಮ ಭಾಷೆಯ ಅಭ್ಯಾಸ, ಹೊರಟೆ ಅನ್ನುವುದಕ್ಕೇ ಹೀಗೆ ಅನ್ನುತ್ತೇವೆ ಎಂದು ವಿವರಿಸಿದೆ. ಅವರು ನನ್ನ ಮುಖದಲ್ಲಿ ಬೇರೆ ಯಾರನ್ನೋ ನೋಡುತ್ತಿದ್ದರು. ಈ ಸಲ ಕರೆದರೆ ಬಡಿತಕ್ಕೆ ಕಾಯುವುದಿಲ್ಲ ಎಂದು ಮೆಲ್ಲಗೆ ಅಂದರು. ನಾಳೆ ಸಾರು ತರುತ್ತೇನೆ ಅಂದು ಬಂದೆ.

ಮರುದಿನ ನಾಲ್ಕಕ್ಕೇ ಕತ್ತಲಾಗಿತ್ತು. ಇಲ್ಲಿಯ ಚಳಿಗಾಲದಲ್ಲಿ ದೆವ್ವಗಳಿಗೆ ನಡುರಾತ್ರಿಯ ತನಕ ಕಾಯುವ ಕಷ್ಟವಿಲ್ಲ. ಗಂಡ ಬಂದೊಡನೆ ಆಸ್ಪತ್ರೆಗೆ ಹೊರಡಬೇಕೆಂದು ಸಾರನ್ನು ಫ್ಲಾಸ್ಕಿಗೆ ಬಗ್ಗಿಸುತ್ತಿದ್ದೆ. ಮೂಗಿಗೆ ಬಡಿದದ್ದು ಇಂಗಿನ ವಾಸನೆಯಲ್ಲ. ಬೇಯುತ್ತಿರುವ ಬಾರ್ಲಿ. ಅದರ ಹಿಂದೆಯೇ ಒದ್ದೆ ಉಣ್ಣೆಯ ವಾಸನೆ, ಯಾರೋ ಮಳೆಯಲ್ಲಿ ಬಹಳ ದೂರ ನಡೆದು ಬಂದ ಹಾಗೆ...

"ಪಲ್ಲವೀ, ಕೆಳಗೆ ಬಾ ಪುಟ್ಟಿ."

ಉತ್ತರವಿಲ್ಲ. 'ಇನ್ ಎ ಮಿನಿಟ್' ಕೂಡ ಇಲ್ಲ.

ಮೇಲೆ ಹೋದೆ. ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಅವಳಿಲ್ಲ. ಬಚ್ಚಲಲ್ಲಿಲ್ಲ, ಮಂಚದ ಕೆಳಗಿಲ್ಲ. ಕೆಳಗೆ ಓಡಿದೆ. ಮುಂಬಾಗಿಲಿಗೆ ಒಳಗಿನಿಂದ ಚೈನು, ಹಿತ್ತಲ ಬಾಗಿಲಿಗೆ ಬೋಲ್ಟು. ಹೊರಗೆ ಹೋಗಿರಲು ಸಾಧ್ಯವೇ ಇಲ್ಲ. ಹಾಗಾದರೆ ಮನೆಯೊಳಗೆ ನನ್ನ ಮಗಳು ಎಲ್ಲಿ? ಮೆಟ್ಟಿಲ ನಡುವೆ ನಿಂತು ಕೂಗಿದೆ. ಗದರಿದೆ, ಬೇಡಿಕೊಂಡೆ, ಚಾಕ್ಲೇಟಿನ ಆಸೆ ತೋರಿಸಿದೆ.

ಆಗ ಗೊತ್ತಾಯಿತು... ನಾನು ಕರೆದಾಗಲೆಲ್ಲ ಗೋಡೆಯಾಚೆ ಇನ್ನೊಂದು ದನಿ ಕರೆಯುತ್ತಿದೆ. ನನ್ನದೇ ರಾಗ. ಎಷ್ಟು ಕರೆದರೂ ಬಾರದ ಮಗುವನ್ನು ಕರೆದು ಕರೆದು ಸೋತ ರಾಗ. ಮಾತು ತಿಳಿಯುತ್ತಿರಲಿಲ್ಲ. ಪ್ರತಿಧ್ವನಿ ಇರಬೇಕು ಎಂದು ಬಾಯಿ ಮುಚ್ಚಿ ನಿಂತೆ.

ಅದು ಇನ್ನೊಂದು ಸಲ ಕರೆಯಿತು.

ಪಕ್ಕದ ಮನೆಗೆ ಬೀಗ. ಅದರ ಕೀಲಿಕೈ ನನ್ನ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು.

ಅಲ್ಲಿ ಒಂದು ಬಾಗಿಲು ತೆರೆದ ಸದ್ದು. ಮಹಡಿಯಿಂದ ಪುಟ್ಟ ಹೆಜ್ಜೆಗಳು ದಡಬಡ ಓಡಿ ಇಳಿದವು. ಅರವತ್ತು ದಾಟಿದವರ ಹೆಜ್ಜೆಯಲ್ಲ. ಆಮೇಲೆ ಮೌನ. ಆಮೇಲೆ ಪಲ್ಲವಿಯ ಕೋಣೆಯ ಗೋಡೆಯಲ್ಲಿ...

ಟಕ್ ಟಕ್... ಟಕ್.

ಅವಳ ಬಟ್ಟೆ ಬೀರು ಕಿರ್ರೆಂದಿತು. ನಾನು ಮೇಲೆ ಹೋಗುವಷ್ಟರಲ್ಲಿ ಬೀರುವಿನ ಹಿಂದಿನಿಂದ ಮಗಳು ಹೊರಬರುತ್ತಿದ್ದಳು. ಒಂದು ಪುಸ್ತಕವೂ ತೂರದ ಆ ಸಂದಿಯಲ್ಲಿ ಹೇಗೆ ಹಿಡಿಸಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೂದಲಲ್ಲಿ ಧೂಳು. ತೋಳಿನ ಮೇಲೆ ಹಲ್ಲಿನ ಗುರುತು.

ಅಪ್ಪಿಕೊಂಡೆ. ನಾನು ಅಷ್ಟು ಕರೆದದ್ದು ಕೇಳಿಸಲಿಲ್ಲವಾ ಎಂದು ಕೇಳಿದೆ.

"ಯೂ ಡಿಡಂಟ್ ನಾಕ್, ಮಮ್."

ಗೋಡೆಯಾಚೆ ಯಾರೋ ಕರೆಯುವುದು ಕೇಳಿ ಅವಳು ಅಡಗಿದಳಂತೆ, ಲೆನಾ ಕಲಿಸಿದ ಹಾಗೆ. ಆಮೇಲೆ ಇಬ್ಬರು ಅಮ್ಮಂದಿರು ಕರೆಯತೊಡಗಿದರಂತೆ, ಯಾರು ತನ್ನ ಅಮ್ಮ ಎಂದು ತಿಳಿಯಲಿಲ್ಲವಂತೆ. ನನ್ನ ಭುಜದ ಮೇಲೆ ಗಲ್ಲ ಊರಿ ಕೇಳಿದಳು:

"ಮಮ್, ಹೂ ಈಸ್ ರಿಫ್ಕಾ?"

ಕೆಳಗೆ ಫೋನು ಬಡಿದುಕೊಳ್ಳುತ್ತಿತ್ತು. ಅದು ವಾರ್ಡಿನಿಂದ ಎಂದು ಎತ್ತುವ ಮುಂಚೆಯೇ ನನಗೆ ಗೊತ್ತಿತ್ತು.

ಅಂತ್ಯಕ್ರಿಯೆಗೆ ಹಾಲೆಂಡಿನಿಂದ ಲೆನಾರ ದೊಡ್ಡಪ್ಪನ ಮಗಳು ಬಂದಿದ್ದರು, ತೀರಾ ಮುದುಕಿ. ಮಣ್ಣು ಹಾಕುವಾಗ ಆಕೆ ಒಂದೇ ಹೆಸರು ಹೇಳಿ ಅತ್ತರು. ರಿಫ್ಕಾ.

ಗಂಡನ ತರ್ಕ ಸರಳ: ಲೆನಾ ಯಾವಾಗಲೋ ಮಗುವಿಗೆ ಹೆಸರು ಹೇಳಿದ್ದಾರೆ. ಹಾಗಿದ್ದರೆ, ಯಾರಿಗೂ ಹೇಳದ, ತಾಯಿಗೆಂದೇ ಎತ್ತಿಟ್ಟ ಹೆಸರನ್ನು ನನ್ನ ಮಗಳಿಗೆ ಹೇಳಿದ್ದಾರೆ. ಇಲ್ಲವಾದರೆ ಆ ಸಂಜೆ ಪಕ್ಕದ ಮನೆಗೆ ನಿಜವಾಗಿಯೂ ಒಬ್ಬಳು ತಾಯಿ ಬಂದಿದ್ದಳು. ಇವೆರಡರಲ್ಲಿ ನನಗೆ ಯಾವುದು ಹೆಚ್ಚು ಸಂಕಟವೋ ಹೇಳಲಾರೆ. ಪಲ್ಲವಿಯನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ, ನನ್ನ ಕಣ್ಣು ತಪ್ಪಿಸಿ.

ಅವಳೀಗ ಹೆಡಿಂಗ್ಲೀ ಅನ್ನುವ ಕಡೆ ಗೆಳತಿಯರ ಜೊತೆ ಮನೆ ಹಂಚಿಕೊಂಡು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದು ಹೋಗುವಾಗ ಅವಳ ಬಾಯಲ್ಲಿ ಉಳಿದಿರುವ ಒಂದೇ ಕನ್ನಡ, "ಬರ್ತೀನಮ್ಮ."

ಎಷ್ಟು ತಡೆದುಕೊಂಡರೂ ನನ್ನ ಕೈ ಅವಳ ಮಣಿಕಟ್ಟನ್ನು ಹಿಡಿದುಬಿಡುತ್ತದೆ.

"ಯಾವಾಗ?" ಎಂದು ಕೇಳುತ್ತೇನೆ.