ಹತ್ತಿ ಕೋಣೆಯ ರೇಡಿಯೋ ಅಕ್ಕ

ಪಿಸು ಮೊದಲ ಸಲ ರೇಡಿಯೋ ಅಕ್ಕನನ್ನು ಕಂಡದ್ದು ಗಿರಣಿಯಲ್ಲಿ, ಹತ್ತಿ ಹಿಂಜುವ ವಿಭಾಗದ ಬಾಗಿಲಲ್ಲಿ ನಿಂತು. ಆಗ ಇವಳಿಗೆ ಪಿಸು ಎಂಬ ಹೆಸರು ಬಿದ್ದಿರಲಿಲ್ಲ. ಮೇಸ್ತ್ರಿ ಕಬ್ಬಿಣದ ಬಾಗಿಲನ್ನು ಭುಜದಿಂದ ತಳ್ಳಿ ತೆರೆದ. ಮೊದಲು ಬಂದದ್ದು ಸದ್ದು. ಅದು ಕಿವಿಗೆ ಬೀಳುವ ಮೊದಲೇ ಎದೆಗೂಡಿಗೆ ತಾಗಿತು. ಆಮೇಲೆ ಕಂಡದ್ದು ಬಿಳುಪು. ಯಂತ್ರಗಳ ಮೇಲೆ, ತೊಲೆಗಳ ಮೇಲೆ, ದೀಪದ ತಂತಿಗಳ ಮೇಲೆ, ಹೆಂಗಸರ ಹುಬ್ಬಿನ ಮೇಲೆ, ಎಲ್ಲೆಲ್ಲೂ ಹತ್ತಿಯ ನವಿರು. ಗಾಳಿಯಲ್ಲೂ ಅದೇ ತೇಲುತ್ತಿತ್ತು. ಎತ್ತರದ ಕಿಟಕಿಯಿಂದ ಇಳಿದ ಬಿಸಿಲು ಕೋಲಿನ ಹಾಗೆ ಗಟ್ಟಿಯಾಗಿ ನಿಂತಿತ್ತು, ಹಿಡಿದರೆ ಕೈಗೆ ಸಿಕ್ಕೀತೇನೋ ಅನ್ನುವಂತೆ. ಎಷ್ಟು ಚೆಂದ ಎಂದು ಅವಳು ಬಾಯಿ ತೆರೆದು ನಿಂತೇಬಿಟ್ಟಳು.

ಕೋಣೆಯ ಆ ತುದಿಯಲ್ಲಿದ್ದ ದಪ್ಪ ಜಡೆಯ ಹೆಂಗಸೊಬ್ಬಳು ಇವಳತ್ತ ನೋಡಿ ತುಟಿ ಆಡಿಸಿದಳು. ಧ್ವನಿಯೇ ಇಲ್ಲ. ಆದರೂ ಸಾಲಿಗೆ ಸಾಲೇ ತಿರುಗಿ ನಕ್ಕಿತು. ಅವಳು ಹೇಳಿದ್ದೇನೆಂದು ತಿಳಿದದ್ದು ಊಟದ ಹೊತ್ತಿಗೆ.

"ಬಾಯಿ ಮುಚ್ಚು ತಾಯಿ, ಹೊಟ್ಟೆ ತುಂಬ ಹತ್ತಿ ತುಂಬ್ಕೊಂಡ್ರೆ ಮಧ್ಯಾಹ್ನ ಹಸಿವಾಗಲ್ಲ ಅಂದೆ," ಎಂದಳು ಆ ಹೆಂಗಸು, ಡಬ್ಬಿಯ ಮುಚ್ಚಳ ತೆಗೆಯುತ್ತ.

ಅವಳೇ ರೇಡಿಯೋ ಅಕ್ಕ. ಆ ಸದ್ದಿನಲ್ಲಿ ಕೂಗಿದರೆ ಗಂಟಲು ಹರಿಯಬೇಕೇ ಹೊರತು ಪಕ್ಕದವಳಿಗೂ ಕೇಳಿಸದು. ಹಾಗಾಗಿ ಅಲ್ಲಿಯ ಹೆಂಗಸರು ಧ್ವನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು, ಕಣ್ಣಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಇದು ಗೊತ್ತಿಲ್ಲದ ಹೊಸಬಳು ಅರ್ಧ ದಿನ ಒಬ್ಬೊಬ್ಬರ ಕಿವಿಗೂ ಬಾಯಿ ಹಚ್ಚಿ ಮಾತಾಡಿದ್ದಳು. ಅದಕ್ಕೇ ಪಿಸು ಎಂಬ ಹೆಸರು ಅಂಟಿಕೊಂಡಿತು.

ತುಟಿ ಓದಲು ಕಲಿತ ಮೇಲೆ ಪಿಸುಗೆ ಆ ಕೋಣೆ ಬೇರೆಯೇ ಲೋಕವಾಯಿತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಅತ್ತೆ ಮುನಿಸಿಕೊಂಡಿದ್ದಾಳೆ, ಮೇಸ್ತ್ರಿಯ ಹೊಟ್ಟೆಗೆ ಇನ್ನೊಂದು ಬೆಲ್ಟು ಎಲ್ಲಿಂದ ತರುವುದು, ಎಲ್ಲವೂ ಆ ಆರ್ಭಟದ ನಡುವೆ ಸದ್ದಿಲ್ಲದೆ ಓಡಾಡುತ್ತಿದ್ದವು. ಹೆಚ್ಚಿನವು ಹೊರಡುತ್ತಿದ್ದುದು ಅಕ್ಕನ ತುಟಿಯಿಂದ. ಅಷ್ಟು ದೂರದಿಂದ, ಧೂಳಿನ ಆ ಪರದೆಯನ್ನು ದಾಟಿ, ಒಂದು ಜೋಕು ಇಡೀ ಕೋಣೆಯನ್ನು ಅಲ್ಲಾಡಿಸುವುದನ್ನು ಕಂಡು ಪಿಸು ಕೆಲಸವನ್ನೇ ಮರೆಯುತ್ತಿದ್ದಳು.

ಗಿರಣಿಯವರು ಎಲ್ಲರಿಗೂ ಮಾಸ್ಕ್ ಕೊಟ್ಟಿದ್ದರು. ಎಲ್ಲರೂ ಹಾಕಿಕೊಂಡೂ ಇದ್ದರು, ಕತ್ತಿಗೆ. ಮೂಗು ಬಾಯಿ ಮುಚ್ಚಿದರೆ ಮಾತು ನಿಂತಿತಲ್ಲ! "ಇದು ಮೂಗಿಗಲ್ಲ ಕಣೇ, ಸಾಹೇಬರು ಪ್ರೀತಿಯಿಂದ ಕೊಟ್ಟ ಸರ," ಎನ್ನುತ್ತಿದ್ದಳು ಅಕ್ಕ. ತಪಾಸಣೆಗೆ ಯಾರಾದರೂ ಬಂದರೆ ಸರ ಮೇಲೇರುತ್ತಿತ್ತು, ಅವರು ಬೆನ್ನು ತಿರುಗಿಸಿದರೆ ಕೆಳಗಿಳಿಯುತ್ತಿತ್ತು.

ವಾರದ ರಜೆ ಮುಗಿಸಿ ಬಂದ ದಿನ ಮಾತ್ರ ಅಕ್ಕ ಅಕ್ಕನಂತಿರುತ್ತಿರಲಿಲ್ಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎದೆಗೆ ಹಗ್ಗ ಬಿಗಿದಂತಾಗಿ, ಕಂಬ ಹಿಡಿದು ನಿಲ್ಲುತ್ತಿದ್ದಳು. ಮರುದಿನ ಕೊಂಚ ಸಡಿಲ. ಅದರ ಮರುದಿನ ಮತ್ತೆ ಹಳೆಯ ರೇಡಿಯೋ. ಇದರಿಂದ ಅವಳು ತೆಗೆದ ತೀರ್ಮಾನವೂ ಸೀದಾ ಇತ್ತು.

"ರಜೆಯೇ ನನಗಾಗಲ್ಲ ಕಣೇ. ಹತ್ತಿ ಬಿಟ್ಟಿದ್ರೆ ಎದೆ ಕಟ್ಟುತ್ತೆ, ಹತ್ತಿ ಹತ್ರ ಬಂದ್ರೆ ಬಿಡುತ್ತೆ."

ಇದನ್ನು ನಂಬಿ ಅವಳು ರಜೆಯ ದಿನವೂ ಕೆಲಸ ಕೇಳಿ ಪಡೆಯತೊಡಗಿದಳು. ಅವಳನ್ನು ನೋಡಿ ಇನ್ನಿಬ್ಬರು ಹಾಗೇ ಮಾಡಿದರು.

ಗಿರಣಿಯ ದವಾಖಾನೆಗೆ ಹೊಸ ಡಾಕ್ಟರಮ್ಮ ಬಂದಾಗ ಎಲ್ಲರಿಂದಲೂ ಉಸಿರಿನ ಬಲವನ್ನು ಮುಳ್ಳಿನಿಂದ ತೋರಿಸುವ ಒಂದು ಕೊಳವೆಗೆ ಊದಿಸಿದರು. ಪಿಸು ಊದಿದಾಗ ಮುಳ್ಳು ಚಂಗನೆ ಹಾರಿತು. ಅಕ್ಕ ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಾಗಿಸಿ ಊದಿದರೂ ಮುಳ್ಳು ಒಂಚೂರು ಮಿಸುಕಿ ಮಲಗಿತು.

"ನಿಮ್ಮ ಮುಳ್ಳು ಸೋಮಾರಿ ಡಾಕ್ಟ್ರೇ," ಎಂದಳು ಅಕ್ಕ.

ಡಾಕ್ಟರಮ್ಮ ನಗಲಿಲ್ಲ. ರಜೆಯ ವಿಷಯವನ್ನೆಲ್ಲ ಕೇಳಿ ತಿಳಿದು ಹೇಳಿದರು: "ಹೊಗೆ ತುಂಬಿದ ಅಡುಗೆಮನೇಲೇ ಕೂತಿದ್ರೆ ಹೊಗೆ ಗೊತ್ತಾಗಲ್ಲ, ಅಲ್ವಾಮ್ಮ? ಹೊರಗೆ ಹೋಗಿ ಬಂದ್ರೆ ಕಣ್ಣು ಉರಿಯುತ್ತೆ. ರಜೆ ದಿನ ನಿಮ್ಮ ಎದೆ ಹೊರಗೆ ಹೋಗಿ ಬರುತ್ತೆ, ಅಷ್ಟೇ. ಕಾಯಿಲೆ ರಜೆಯಿಂದ ಅಲ್ಲ, ಹತ್ತಿಯ ಧೂಳಿಂದ. ಹೋದ ಉಸಿರು ಪೂರ್ತಿ ವಾಪಸ್ ಬರಲ್ಲ. ಇರೋದನ್ನಾದ್ರೂ ಉಳಿಸ್ಕೊಳ್ಳಿ. ಮಾಸ್ಕ್ ಮೂಗಿನ ಮೇಲಿರಲಿ. ಆದಷ್ಟು ಬೇಗ ಆ ಕೋಣೆಯಿಂದ ಹೊರಗೆ ಬನ್ನಿ."

ಹೊರಗೆ ಬಂದ ಅಕ್ಕ, "ಬಾಯಿ ಮುಚ್ಕೊಂಡು ಬದುಕು ಅಂತಾರೆ. ಅದೆಂಥ ಬದುಕು?" ಎಂದಳು. ಮಾಸ್ಕ್ ಕತ್ತಿನಲ್ಲೇ ಉಳಿಯಿತು.

ಒಂದು ರಜೆಯ ದಿನ ಅಕ್ಕ ಕೆಲಸಕ್ಕೆ ಬರಲಿಲ್ಲ ಎಂದು ತಿಳಿದು ಪಿಸು ಅವಳ ಮನೆಗೆ ಹೋದಳು. ಮಹಡಿಯ ಮೇಲೆ ಎರಡು ಕೋಣೆ. ತಗ್ಗು ಮಂಚ, ಕಿಟಕಿಯ ಹತ್ತಿರ ಎರಡು ಕುರ್ಚಿ ಎದುರುಬದುರು. ಅಕ್ಕನ ಗಂಡ ಅದೇ ಗಿರಣಿಯ ಮಗ್ಗದ ವಿಭಾಗದಲ್ಲಿ ದುಡಿದು ಕಿವಿ ಕಳೆದುಕೊಂಡವರು. ಪಿಸು ಅವರನ್ನು ಭಾವ ಎನ್ನುತ್ತಿದ್ದಳು. ಗಂಡ ಹೆಂಡತಿ ಆ ಕುರ್ಚಿಗಳಲ್ಲಿ ಕೂತು ಬರೀ ತುಟಿಯಲ್ಲಿ ಜಗಳವಾಡಿ, ತುಟಿಯಲ್ಲೇ ರಾಜಿಯಾದರು. ಹೊರಗಿನವರಿಗೆ ನಿಶ್ಶಬ್ದ ಮನೆ. ಒಳಗೆ ಸಂತೆ. ಪಿಸು ಅವರಿಬ್ಬರ ಮುಖಗಳನ್ನು ಒಂದಾದ ಮೇಲೊಂದು ನೋಡುತ್ತ ಕೂತಳು.

ಅಷ್ಟರಲ್ಲಿ ಅಕ್ಕ ನೀರು ತರಲೆಂದು ಎದ್ದು, ಗಂಡನಿಗೆ ಬೆನ್ನು ಮಾಡಿ ಗೋಡೆಗೆ ಕೈಯೂರಿ ಕೆಮ್ಮತೊಡಗಿದಳು. ಕೆಮ್ಮು ಬಿಡಲೇ ಇಲ್ಲ. ಭುಜಗಳು ಕುಣಿದವು. ಪಿಸು ಗಾಬರಿಯಿಂದ ಭಾವನತ್ತ ನೋಡಿದಳು. ಭಾವ ನಗುತ್ತಿದ್ದರು.

"ನೋಡು, ಅವಳ ಜೋಕಿಗೆ ಅವಳೇ ನಗ್ತಾಳೆ," ಎಂದರು, ಅಳತೆಯಿಲ್ಲದ ದೊಡ್ಡ ದನಿಯಲ್ಲಿ. "ಈಚೀಚೆಗೆ ನಗು ಜಾಸ್ತಿ. ರಾತ್ರಿಯೂ ನಗ್ತಾಳೆ."

ಅಕ್ಕ ತಿರುಗಲಿಲ್ಲ. ಗಂಡನಿಗೆ ಕೇಳಿಸದು, ಮುಖ ಕಾಣದಿದ್ದರೆ ಸಾಕೆಂದು ಅವಳು ಬೆನ್ನು ತಿರುಗಿಸಿಯೇ ಕೆಮ್ಮುತ್ತಿದ್ದಳು ಎಂಬುದು ಪಿಸುಗೆ ಆಗ ಹೊಳೆಯಿತು. ಅವಳು ಭಾವನ ಎದುರು ಕೂತು, ತುಟಿಯನ್ನು ಬಿಡಿಸಿ ಬಿಡಿಸಿ ಹೇಳಿದಳು: "ನಗು ಅಲ್ಲ ಭಾವ. ಕೆಮ್ಮು."

ಭಾವನ ನಗು ಮುಖದ ಮೇಲೆಯೇ ಸ್ವಲ್ಪ ಹೊತ್ತು ಉಳಿಯಿತು, ಎಲ್ಲಿಗೆ ಹೋಗಬೇಕೆಂದು ತಿಳಿಯದಂತೆ. ಆಮೇಲೆ ಎದ್ದು ಹೋಗಿ ಹೆಂಡತಿಯ ಬೆನ್ನ ಮೇಲೆ ಅಂಗೈ ಇಟ್ಟರು. ಕೆಮ್ಮು ಪೂರ್ತಿ ನಿಲ್ಲುವವರೆಗೂ ಕೈ ತೆಗೆಯಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಮಾಸ್ಕನ್ನು ತಂದು ತಾವೇ ಅವಳ ಮೂಗಿನ ಮೇಲೇರಿಸಿದರು.

"ಮಾತಾಡೋದು ಹೇಗ್ರೀ?" ಎಂದಳು ಅಕ್ಕ ಮಾಸ್ಕಿನೊಳಗಿಂದ. ಅವರಿಗೆ ತುಟಿ ಕಾಣಲಿಲ್ಲ. ಆದರೂ ಅವಳು ಏನು ಕೇಳಿದಳೆಂದು ಗೊತ್ತಾಯಿತು.

"ಕೈ ಇಲ್ವಾ ನಿಂಗೆ?" ಎಂದರು.

ಮರುದಿನ ರೇಡಿಯೋ ಅಕ್ಕ ಮುಖ ಮುಚ್ಚಿಕೊಂಡು ಬಂದಳು. ಏನಾಯಿತೆಂದು ತಿಳಿಯದೆ ಉಳಿದವರು ಕೆಲಸದ ಮಧ್ಯೆ ಅವಳತ್ತಲೇ ನೋಡಿದರು. ಅವಳ ತುಟಿ ಕಾಣದ ಕೋಣೆ ಸತ್ತಂತಿತ್ತು, ಬರೀ ಯಂತ್ರದ ಸದ್ದು. ಎದೆ ಕಟ್ಟಿದಾಗ ಕಂಬ ಹಿಡಿದಳು, ಮಾಸ್ಕ್ ಮಾತ್ರ ಇಳಿಸಲಿಲ್ಲ. ಹೀಗೇ ಕೆಲವು ದಿನ ಕಳೆದವು. ಆಮೇಲೊಂದು ಮಧ್ಯಾಹ್ನ ಅವಳು ಎರಡೂ ಕೈಗಳನ್ನು ಮುಂದೆ ಚಾಚಿ ಗಾಳಿಯಲ್ಲಿ ದೊಡ್ಡದೊಂದು ಹೊಟ್ಟೆ ಬರೆದಳು. ಮೀಸೆ ತಿರುವಿದಳು. ಅಂಗೈಯನ್ನು ಕೆನ್ನೆಗಿಟ್ಟು ಕಣ್ಣು ಮುಚ್ಚಿದಳು. ಕೊನೆಗೆ ಹೆಬ್ಬೆರಳಿನಿಂದ ಹತ್ತಿಯ ಮೂಟೆಗಳ ಹಿಂದಕ್ಕೆ ತೋರಿಸಿದಳು.

ಮೇಸ್ತ್ರಿ ಮೂಟೆಗಳ ಹಿಂದೆ ಗೊರಕೆ ಹೊಡೆಯುತ್ತಿದ್ದ.

ಇಡೀ ಸಾಲಿನ ಭುಜಗಳು ಕುಣಿದವು. ಪಿಸು ಒಂದು ಕ್ಷಣ ಹೆದರಿ ಅಕ್ಕನ ಭುಜವನ್ನೇ ನೋಡಿದಳು. ಈ ಸಲ ಅದು ನಗುವೇ ಆಗಿತ್ತು.

ಅಲ್ಲಿಂದ ಕೈಮಾತು ಬೆಳೆಯಿತು. ಅತ್ತೆಗೆ ಒಂದು ಸನ್ನೆ, ಮುನಿಸಿಗೆ ಒಂದು, ಸಂಬಳಕ್ಕೆ ಒಂದು, ದೀರ್ಘ ನಿಟ್ಟುಸಿರಿಗೆ ಒಂದು. ಕೈಮಾತು ಬಂದವರು ಒಬ್ಬೊಬ್ಬರಾಗಿ ಮುಖ ಮುಚ್ಚಿಕೊಂಡರು. ಬಿಳಿಯ ಆ ಕೋಣೆಯಲ್ಲಿ ಅಷ್ಟು ಕೈಗಳು ಒಟ್ಟಿಗೆ ಮೇಲೇಳುವುದನ್ನು ಮೊದಲ ಸಲ ಕಂಡ ದಿನ ಪಿಸು ಮತ್ತೆ ಬಾಗಿಲಲ್ಲಿ ಹಾಗೇ ನಿಂತುಬಿಟ್ಟಳು. ಬಾಯಿ ತೆರೆದಿತ್ತೋ ಏನೋ, ಮಾಸ್ಕಿನ ಹಿಂದೆ ಯಾರಿಗೂ ಕಾಣಲಿಲ್ಲ. ಮಾಸ್ಕ್ ಒಂದೇ ಸಾಲದು, ಧೂಳನ್ನು ಹುಟ್ಟುವಲ್ಲೇ ಹೀರಬೇಕು ಎಂದು ಡಾಕ್ಟರಮ್ಮ ಗಿರಣಿಯವರಿಗೆ ಬರೆದರು, ಅದನ್ನೇ ಕೇಳಿ ಹೆಂಗಸರು ಕೆಲಸ ನಿಲ್ಲಿಸಿ ಕೂತರು. ಯಂತ್ರಗಳ ಮೇಲೆ ಧೂಳು ಹೀರುವ ಕೊಳವೆಗಳು ಬಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ಅಕ್ಕನ ಉಸಿರು ಆ ಕೋಣೆಗೆ ಸಾಲದಾಗಿತ್ತು.

ಈಗ ರೇಡಿಯೋ ಅಕ್ಕ ಗಿರಣಿಯ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು, ಹೊಸದಾಗಿ ಸೇರುವ ಹೆಂಗಸರಿಗೆ ಮಾಸ್ಕ್ ಕಟ್ಟುವುದನ್ನೂ ಕೈಮಾತನ್ನೂ ಕಲಿಸುತ್ತಾಳೆ. ಸಂಜೆ ಮನೆಯ ಮೆಟ್ಟಿಲನ್ನು ನಡುವೆ ನಿಂತು ನಿಂತು ಹತ್ತುತ್ತಾಳೆ, ಹಿಂದೆ ಅವಳ ಗಂಡ ಬೆನ್ನಿಗೆ ಅಂಗೈ ಕೊಟ್ಟು ಬರುತ್ತಾರೆ. ರಜೆಯ ದಿನ ಕೆಲಸಕ್ಕೆ ಹೋಗುವುದಿಲ್ಲ.